ಕಡಲೆಯಮ್ಮನ ತಗಡಿನ ಡಬ್ಬಿ

ಕಡಲೆಕಾಯಿ ಹುರಿಯುವುದರಲ್ಲಿ ಕಡಲೆಯಮ್ಮನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಬೀಜಗಳನ್ನು ಮೊರದಲ್ಲಿ ಹರಡಿ, ಕಣ್ಣಲ್ಲಿ ಕಣ್ಣಿಟ್ಟು ಆರಿಸುತ್ತಿದ್ದಳು. ಗುಂಡಗಿನವೆಲ್ಲ ಗಿರಾಕಿಗಳಿಗೆ. ಸುಕ್ಕಿದ್ದು, ಕಪ್ಪಾದದ್ದು, ಕೊಂಚ ಬೂಷ್ಟು ಹಿಡಿದದ್ದು ಒಲೆಯ ಪಕ್ಕದ ತಗಡಿನ ಡಬ್ಬಿಗೆ. ಕೆಟ್ಟ ಬೀಜ ಮಾರುವ ಹೆಂಗಸಲ್ಲ ಅವಳು. ಎಸೆಯಲೂ ಮನಸ್ಸು ಬಾರದು. ಡಬ್ಬಿಯದ್ದನ್ನು ಚೆನ್ನಾಗಿ ಹುರಿದರೆ ಮನೆಗಾಯಿತು. ಅದನ್ನು ಹೆಚ್ಚು ಖಾಲಿ ಮಾಡುತ್ತಿದ್ದವಳು ನಾಲ್ಕು ವರ್ಷದ ಮೊಮ್ಮಗಳು.

ಒಂದು ಬೆಳಗ್ಗೆ ಆಹಾರ ಸಮೀಕ್ಷೆಯ ಹುಡುಗಿ ಬಂದಳು. ಚೀಲದಿಂದ ಅಳತೆಯ ಬಟ್ಟಲು, ಚಮಚ, ಪುಟ್ಟ ತೂಕದ ಯಂತ್ರ ತೆಗೆದು ಜೋಡಿಸಿದಳು.

“ಅಮ್ಮಾ, ನಿನ್ನೆ ಎದ್ದಾಗಿಂದ ಮಲಗೋವರೆಗೆ ಮಗು ಏನೇನು ತಿಂತು, ಎಷ್ಟೆಷ್ಟು ತಿಂತು, ಹೇಳ್ತೀರಾ?”

“ನಾವು ತಿಂದದ್ದು ಕಟ್ಕೊಂಡು ನಿಮಗೇನಮ್ಮ ಆಗ್ಬೇಕು?”

“ಯಾವ ಆಹಾರದಲ್ಲಿ ಎಷ್ಟು ವಿಷ ಸೇರಿದೆ ಅಂತ ಪ್ರಯೋಗಾಲಯದವರು ನೋಡ್ತಾರೆ. ಆದ್ರೆ ಅದು ಮಕ್ಕಳ ಹೊಟ್ಟೆಗೆ ಎಷ್ಟು ಹೋಗ್ತಿದೆ? ಅದು ಮನೆಯವರಿಗೇ ಗೊತ್ತು. ಎರಡೂ ಕೂಡಿದ್ರೇ ಲೆಕ್ಕ.”

ಕಡಲೆಯಮ್ಮ ಅರ್ಧ ನಂಬಿದಳು. ಆದರೆ ಮನೆಯ ಮರ್ಯಾದೆ ಅಂತ ಒಂದಿದೆಯಲ್ಲ! ಎರಡು ಲೋಟ ಹಾಲು, ಮೊಟ್ಟೆ, ಹಣ್ಣು, ಎರಡು ಬಗೆ ತರಕಾರಿ ಎಂದು ಬಾಯಿಗೆ ಬಂದದ್ದೆಲ್ಲ ಬರೆಸಿದಳು. ಒಳಗಿದ್ದ ಮಗಳು, ಮಗುವಿನ ತಾಯಿ, ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಊಟದ ಮಧ್ಯೆ ಏನಾದ್ರೂ ಬಾಯಾಡಿಸ್ತಾಳಾ?”

“ಛೆ, ಛೆ, ಆ ಅಭ್ಯಾಸಾನೇ ಇಲ್ಲ.”

ಬೆನ್ನ ಹಿಂದೆ ಕಟುಂ ಎಂದು ಸದ್ದಾಯಿತು. ಮೊಮ್ಮಗಳು ಡಬ್ಬಿ ತಬ್ಬಿಕೊಂಡು, ಎರಡೂ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಳು.

ಕಡಲೆಯಮ್ಮನ ಮುಖ ಪೆಚ್ಚಾಯಿತು. “ಅದೂ ಒಂದು ಊಟಾನಾ ತಾಯಿ?”

ಹುಡುಗಿ ನಗಲಿಲ್ಲ. “ಬಾಯಿಗೆ ಹೋದದ್ದೆಲ್ಲ ಊಟಾನೇ. ಇಲ್ಲಿ ನಾಚಿಕೊಳ್ಳೋದೇನೂ ಇಲ್ಲಮ್ಮ. ಆದ್ರೆ ಎಲ್ಲ ಮನೆಯವರೂ ಹಾಲು ಹಣ್ಣು ಅಂತಲೇ ಬರೆಸಿದ್ರೆ, ಮಕ್ಕಳು ಕಡಲೆಬೀಜ ತಿನ್ನೋದೇ ಇಲ್ಲ, ಅಪಾಯಾನೂ ಇಲ್ಲ ಅಂತ ಲೆಕ್ಕ ಬರುತ್ತೆ. ಆಮೇಲೆ ಯಾರು ಎಚ್ಚರಿಸ್ತಾರೆ?”

ಮಾತು ನಾಟಿತು. ಮೂವತ್ತು ವರ್ಷ ಒಬ್ಬ ಗಿರಾಕಿಗೂ ತೂಕದಲ್ಲಿ ಮೋಸ ಮಾಡದವಳು, ಸ್ವಂತ ಮೊಮ್ಮಗಳಿಗೆ ಸುಳ್ಳು ತೂಕ ಹಾಕಿಬಿಟ್ಟಿದ್ದಳು.

“ಹೊಡೆದು ಹಾಕು ತಾಯಿ. ಮೊದಲಿಂದ ಬರಿ. ಹಾಲು ಅರ್ಧ ಲೋಟ. ಆರಿಸಿ ಬಿಟ್ಟ ಈ ಬೂಷ್ಟು ಬೀಜ ಹುರಿದದ್ದು ದಿನಕ್ಕೆ ಮೂರು ಹಿಡಿ.”

ಮಗುವಿನ ಹಿಡಿಯನ್ನೇ ಬಟ್ಟಲಿಗೆ ಸುರಿಸಿ ತೂಗಿದಳು ಹುಡುಗಿ. ಚೀಲದಿಂದ ದೊಡ್ಡ ತೂಕದ ಯಂತ್ರ ತೆಗೆದು ಮಗುವನ್ನೂ ತೂಗಿದಳು. ಎಂಥ ತಾಳ್ಮೆ ಆ ಹುಡುಗಿಯದು! ಹಾಳೆ ಮುಗಿಯುವ ತನಕ ಒಂದು ಬುದ್ಧಿಮಾತೂ ಆಡಲಿಲ್ಲ. ಪೆನ್ನು ಮುಚ್ಚಿದ ಮೇಲೆ ಹೇಳಿದಳು:

“ಬೂಷ್ಟಿನ ವಿಷ ಹುರಿದ್ರೂ ಪೂರ್ತಿ ಹೋಗಲ್ಲಮ್ಮ. ನೀವು ಸುಮಾರು ಅರವತ್ತು ಕೆಜಿ ಇರಬಹುದು, ಇವಳು ಹದಿನೈದು. ಅದೇ ಒಂದು ಹಿಡಿ ಇವಳ ಮೈಗೆ ನಾಲ್ಕರಷ್ಟು ಭಾರ.”

ಕಡಲೆಯಮ್ಮ ಮೊಮ್ಮಗಳ ಕೈಯಿಂದ ಡಬ್ಬಿ ಕಸಿದುಕೊಂಡಳು. “ನನ್ನ ಕೂಸಿಗೆ ಏನಾದ್ರೂ...”

“ಇವತ್ತು ತಿಂದು ನಾಳೆ ಆಗೋದಲ್ಲ. ವರ್ಷಗಟ್ಟಲೆ ತಿಂತಾ ಹೋದ್ರೆ ಲಿವರ್‌ಗೆ ಕೆಟ್ಟದ್ದು. ಇವತ್ತೇ ನಿಲ್ಲಿಸಿ.”

ಅಂದೇ ಹಿತ್ತಲಲ್ಲಿ ಗುಂಡಿ ತೋಡಿ ಡಬ್ಬಿಯನ್ನು ಬರಿದು ಮಾಡಿದಳು. ಕೋಳಿಗೂ ಹಾಕಲಿಲ್ಲ. ಮರುದಿನ ಗಿರಾಕಿಗಳ ರಾಶಿಯಿಂದ ಗುಂಡಗಿನ ಬೀಜಗಳನ್ನು ಆರಿಸಿ ಮೊಮ್ಮಗಳ ಅಂಗೈಗೆ ಹಾಕಿದಳು.

“ಇನ್ಮೇಲೆ ಮೊದಲನೇ ಗಿರಾಕಿ ನೀನೇ ಕಣೇ.”

ನಿಮ್ಮ ಬಾಗಿಲಿಗೂ ಆಹಾರ ಸಮೀಕ್ಷೆಯವರು ಬಂದಾರು. ಕೂರಿಸಿ ಮಾತಾಡಿ. ನೆಂಟರ ಮುಂದೆ ಹೇಳುವ ಊಟ ಬೇಡ. ಒಲೆ ಮುಂದೆ ನಿಂತು ಬಾಯಿಗೆ ಹಾಕಿಕೊಂಡದ್ದನ್ನೂ ಹೇಳಿ. ಬೂಷ್ಟು ಹಿಡಿದ ಕಾಳು, ಬೀಜ ಇದ್ದರೆ ಇಂದೇ ಎಸೆಯಿರಿ. ಗಿರಾಕಿಗೆ ಬೇಡವಾದದ್ದು ನಿಮ್ಮ ಮಗುವಿಗೂ ಬೇಡ.