ಇಬ್ಬರಿಗೇ ಗೊತ್ತಿದ್ದ ಸುದ್ದಿ

ಬಚ್ಚಲಿನ ಚಿಲಕ ಹಾಕಿಕೊಂಡು ಸೊಸೆ ಮತ್ತೊಮ್ಮೆ ನೋಡಿದಳು. ರಕ್ತವೇ. ಬೆಳಿಗ್ಗೆ ಕಂದು ಕಲೆಯಿತ್ತು, ಏನೂ ಇರಲಾರದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು. ಈಗ ಕೆಂಪಗಿತ್ತು.

ಹೊರಗೆ ಗಂಡನ ಚಿಕ್ಕಪ್ಪನ ದನಿ. "ಎಲ್ಲಿ ಹೋದ್ಲಪ್ಪಾ ಇವಳು? ಗಾಡಿಯವನು ಆಗ್ಲೇ ಬಂದು ನಿಂತಿದಾನೆ. ಕೊನೇ ಸಲ ಮುಖ ನೋಡ್ಕೊಂಡ್ರೆ ಹೊರಡಬಹುದು."

"ಬಂದೆ," ಅಂದಳು.

ಹೊಟ್ಟೆಯಲ್ಲಿ ಮಗುವಿದೆ ಅನ್ನುವುದು ಇಬ್ಬರಿಗೇ ಗೊತ್ತಿತ್ತು. ಒಬ್ಬಳು ಇಲ್ಲಿ ಗೋಡೆ ಹಿಡಿದು ನಿಂತಿದ್ದಳು. ಇನ್ನೊಬ್ಬರು, ಅವಳ ಅತ್ತೆ, ನಡುಮನೆಯಲ್ಲಿ ಹೊದಿಕೆಯಡಿ ಮಲಗಿದ್ದರು. ಗಂಡನಿಗೂ ಹೇಳಿರಲಿಲ್ಲ.

*

ಅತ್ತೆ ಪೇಟೆಯ ಬಟ್ಟೆ ಅಂಗಡಿಯೊಂದರ ಮೂಲೆಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡಿದ್ದರು. ಬಿಗಿಯಾದದ್ದನ್ನು ಸಡಿಲ ಮಾಡುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ಅದರಲ್ಲೇ ಆಯಸ್ಸು ಕಳೆಯಿತು. ಯಾರ ಸೊಂಟ ಎಷ್ಟು ದಪ್ಪವಾಗಿದೆಯೆಂದು ಯಾರ ಮುಂದೆಯೂ ಬಾಯಿ ಬಿಟ್ಟವರಲ್ಲ. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಿದ್ದರು, ಬಯ್ಯುತ್ತಿದ್ದರು.

ಸೊಸೆಗೆ ಎರಡು ಸಲ ಗರ್ಭ ಇಳಿದುಹೋಗಿತ್ತು, ಎರಡೂ ಸಲ ಸ್ಕ್ಯಾನಿಗೆ ಮೊದಲೇ. ಎರಡನೇ ಸಲ ಅರ್ಜೆಂಟಾಗಿ ಆಸ್ಪತ್ರೆಗೆ ಹೋದಾಗ ಪರೀಕ್ಷೆಗೆಂದು ಹೇಳದೆ ಕೇಳದೆ ಕೈ ಹಾಕಿದ್ದ ಡಾಕ್ಟರನ್ನು ಅವಳು ಇನ್ನೂ ಮರೆತಿರಲಿಲ್ಲ. ಗಂಡ, ಹುಟ್ಟುವ ಮಗುವಿಗೆಂದು ತಾನೇ ತಂದಿಟ್ಟಿದ್ದ ಪುಟ್ಟ ಟೋಪಿಯನ್ನು ಯಾರಿಗೂ ಕಾಣದಂತೆ ಅಂಗಡಿಗೆ ವಾಪಸು ಕೊಟ್ಟು ಬಂದಿದ್ದ.

ಈ ಸಲ ಸುದ್ದಿ ಕೇಳಿ ಅತ್ತೆ ಪಿನ್ನುಗಳನ್ನು ಕೈಗೆ ಉಗುಳಿಕೊಂಡರು.

"ಅವನಿಗೆ ಈಗ್ಲೇ ಬೇಡ. ಡಾಕ್ಟರು ನೋಡಿ, ಮಗೂದು ಎದೆ ಬಡ್ಕೊಳ್ತಿದೆ ಅನ್ಲಿ, ಆಮೇಲೆ ಹೇಳೋಣ. ಶುಕ್ರವಾರ ಬರಕ್ಕೆ ಹೇಳಿದಾರೆ, ನಾನೂ ಬರ್ತೀನಿ."

"ಅತ್ತೆ, ನಂಗೆ ಆಸ್ಪತ್ರೆ ಮಂಚ ನೋಡಿದ್ರೇ ಭಯ."

"ಈ ಡಾಕ್ಟರಮ್ಮ ಹಾಗಲ್ವೇ. ಕೊನೇ ಮುಟ್ಟು ಯಾವಾಗ, ಹಿಂದೆ ಏನಾಗಿತ್ತು ಅಂತ ಕೇಳ್ತಾರೆ, ನಾಚ್ಕೊಂಡು ಮುಚ್ಚಿಡಬೇಡ. ಏನು ಮಾಡ್ತೀನಿ ಅಂತ ಹೇಳಿಯೇ ಮುಟ್ತಾರೆ. ಆಗಲ್ಲ ಅನ್ನಿಸಿದ್ರೆ ನಿಲ್ಸಿ ಅನ್ನು. ನಿನ್ನ ಮೈ ತಾನೆ, ಅವರಪ್ಪನ ಮನೇದಾ?"

ಗುರುವಾರ ಮಧ್ಯಾಹ್ನ ಮಿಷಿನ್ ಮೇಲೆ ತಲೆಯಿಟ್ಟ ಅತ್ತೆ ಮತ್ತೆ ಏಳಲಿಲ್ಲ.

*

ಸೊಸೆ ನಡುಮನೆಗೆ ಬರುವಷ್ಟರಲ್ಲಿ ಗಂಡಸರು ಬಗ್ಗಿ ಚಟ್ಟಕ್ಕೆ ಕೈ ಹಾಕಿದ್ದರು. ತಲೆಯ ಕಡೆ ಗಂಡ. ಅವಳ ಕಿಬ್ಬೊಟ್ಟೆ ಹಿಂಡಿತು. ಅವನ ತೋಳು ಹಿಡಿದಳು.

"ರೀ, ಒಂದ್ನಿಮಿಷ."

"ಈಗ್ಲಾ?"

"ನಾನು ಬಸುರಿ. ಅತ್ತೆಗೆ ಮಾತ್ರ ಗೊತ್ತಿತ್ತು. ಈಗ ರಕ್ತ ಹೋಗ್ತಿದೆ."

ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ನಂಗ್ಯಾಕೆ ಹೇಳ್ಲಿಲ್ಲ?" ಅಂದ. ಕೋಪವೋ ಅಳುವೋ ಅವನಿಗೇ ತಿಳಿಯಲಿಲ್ಲ.

"ಹೆಂಗಸರು ಯಾರಾದ್ರೂ ಕರ್ಕೊಂಡು ಹೋಗ್ಲಿ," ಅಂದರು ಚಿಕ್ಕಪ್ಪ. "ಸ್ಮಶಾನದಲ್ಲಿ ಕೊಟ್ಟಿರೋ ಹೊತ್ತು ಮೀರತ್ತೆ. ಹೆತ್ತ ತಾಯಿನ ಹೀಗೆ ಬಿಟ್ಟು ಹೋಗ್ತೀಯೇನೋ?"

ಅವನು ಎತ್ತಲೂ ಇಲ್ಲ, ಬಿಡಲೂ ಇಲ್ಲ.

"ಕೆಳಗಿಡ್ರೋ!" ಮೂಲೆಯಿಂದ ದೊಡ್ಡಮ್ಮ ಗದರಿದರು. ಸತ್ತವರ ಅಕ್ಕ ಅವರು. "ನನ್ನ ತಂಗಿಗೇನು ಅವಸರ? ಎಲ್ಲರಿಗೋಸ್ಕರ ಕಾದೂ ಕಾದೂ ರೂಢಿಯಾಗಿದೆ ಅವಳಿಗೆ, ಇನ್ನೊಂದು ಗಳಿಗೆ ಕಾಯ್ತಾಳೆ. ನೀನು ಹೊರಡೋ."

ಬಾಗಿಲಲ್ಲಿದ್ದದ್ದು ಹೆಣದ ಗಾಡಿ ಒಂದೇ. ಡ್ರೈವರ್ ಮುಂದಿನ ಸೀಟು ಒರೆಸಿದ.

"ಹತ್ತಮ್ಮಾ. ಈ ಗಾಡಿ ಆಸ್ಪತ್ರೆಯಿಂದ ಬರೋದೇ ಹೊರತು, ಆಸ್ಪತ್ರೆಗೆ ಯಾರನ್ನೂ ಕರ್ಕೊಂಡು ಹೋಗಿದ್ದೇ ಇಲ್ಲ."

*

ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಸೊಸೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟಳು. ಎಷ್ಟು ರಕ್ತ, ಯಾವಾಗಿಂದ, ನೋವು ಎಲ್ಲಿ, ಹಿಂದಿನ ಎರಡು ಹೇಗೆ ಹೋದವು.

"ರಕ್ತ ಕಂಡ ಮಾತ್ರಕ್ಕೆ ಮಗು ಹೋಯ್ತು ಅಂತಲ್ಲ. ಹಾಗಂತ ಸುಳ್ಳು ಸಮಾಧಾನಾನೂ ಹೇಳಲ್ಲ. ನೋಡೋಣ." ಸಣ್ಣ ಕೋಲಿನಂಥ ಸಾಧನವನ್ನು ತೋರಿಸಿದರು. "ಇದನ್ನ ಒಳಗಿಡ್ತೀನಿ. ತಣ್ಣಗಿರತ್ತೆ, ಸ್ವಲ್ಪ ಒತ್ತಿದ ಹಾಗಾಗತ್ತೆ. ಯಜಮಾನರು ಇಲ್ಲೇ ಇರಬಹುದಾ?"

ಸೊಸೆ ಹೂಂ ಎಂದು ತಲೆಯಾಡಿಸಿದಳು. ನರ್ಸ್ ಮಂಡಿಯ ಮೇಲೆ ಹೊದಿಕೆ ಎಳೆದಳು.

ಸ್ಕ್ಯಾನಿನ ಪರದೆ ಡಾಕ್ಟರ ಕಡೆಗಿತ್ತು. ಅವರು ನೋಡಿದರು, ಕೈ ತುಸು ತಿರುಗಿಸಿ ಮತ್ತೆ ನೋಡಿದರು. ಗಂಡ ಅವಳ ಬೆರಳುಗಳನ್ನು ಮುರಿಯುವಷ್ಟು ಅಮುಕಿದ್ದ. ಹಿಂದಿನ ಸಲ ಕೈ ಹಾಕಿ ನೋಡಿದ ಡಾಕ್ಟರೂ ಹೀಗೇ ಸುಮ್ಮನಿದ್ದರು.

"ನಿಲ್ಸಿ," ಅಂದಳು.

ಡಾಕ್ಟರ ಕೈ ತಟ್ಟನೆ ನಿಂತಿತು. "ನಿಲ್ಲಿಸಿದೆ. ತೆಗೀಲಾ?"

ಎರಡು ಸಲ ಉಸಿರೆಳೆದುಕೊಂಡಳು. "ಬೇಡ. ನೋಡಿ."

ಇನ್ನಷ್ಟು ಹೊತ್ತು ಹೋಯಿತು. ಆಮೇಲೆ ಡಾಕ್ಟರು ಪರದೆಯನ್ನು ಅವರಿಬ್ಬರ ಕಡೆ ತಿರುಗಿಸಿದರು.

*

ಗಾಡಿ ಹಿಂದಿರುಗಿದಾಗ ಮನೆಯೆದುರು ಯಾರೂ ಕದಲಿರಲಿಲ್ಲ. ಸೊಸೆ ಒಂದು ವಾರ ಮಲಗಿರಬೇಕು, ರಕ್ತ ಹೆಚ್ಚಾದರೆ ತಕ್ಷಣ ಬರಬೇಕು ಎಂದಿದ್ದರು ಡಾಕ್ಟರು. ಗಂಡ ಅವಳನ್ನು ಮೆಲ್ಲಗೆ ಇಳಿಸಿದ.

ಗೇಟಿನಲ್ಲಿ ದೊಡ್ಡಮ್ಮ ನಿಂತಿದ್ದರು. "ಏನಾಯ್ತೋ?"

ಅವನು ಬಾಯಿ ತೆರೆದ. ಬಲಗೈ ಎತ್ತಿ ಮುಷ್ಟಿ ಬಿಚ್ಚಿದ, ಮುಚ್ಚಿದ. ಬೇಗಬೇಗ ಬಿಚ್ಚಿದ, ಮುಚ್ಚಿದ, ಪರದೆಯ ಮೇಲೆ ಆ ಪುಟ್ಟ ಎದೆ ಬಡಿದುಕೊಳ್ಳುತ್ತಿದ್ದ ಹಾಗೆಯೇ.

ದೊಡ್ಡಮ್ಮ ಅವನನ್ನು ದಾಟಿ ಒಳಗೆ ಹೋದರು. ತಂಗಿಯ ಪಕ್ಕ ಕಷ್ಟಪಟ್ಟು ಕೂತು, ಮುಚ್ಚಿದ ಆ ಕಣ್ಣುಗಳ ಹತ್ತಿರಕ್ಕೆ ತಮ್ಮ ಸೊಟ್ಟ ಬೆರಳುಗಳ ಕೈಯನ್ನು ತಂದು ಬಿಚ್ಚಿದರು, ಮುಚ್ಚಿದರು, ಬಿಚ್ಚಿದರು.