ನಿಲ್ಲಿಸಿದ ಪುಟ

ನಮ್ಮ ಶಾಲೆಯ ಗ್ರಂಥಾಲಯದ ಪುಸ್ತಕಗಳಲ್ಲಿ ಯಾರೂ ಏನೂ ಬರೆಯುವಂತಿಲ್ಲ, ಒಂದು ಚುಕ್ಕೆಯನ್ನು ಬಿಟ್ಟು. ಆ ಚುಕ್ಕೆಯ ನಿಯಮ ನನ್ನದು. ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟವರು ಬಿಟ್ಟ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಚುಕ್ಕೆ ಇಡಬೇಕು. ಮುಗಿಸಿದವರು ಕೊನೆಯ ಪುಟದಲ್ಲಿ ಇಡಬೇಕು. ಪುಸ್ತಕ ವಾಪಸ್ ತಂದಾಗ ನಾನು ಕೇಳುವುದು ಒಂದೇ ಪ್ರಶ್ನೆ: "ಎಷ್ಟನೇ ಪುಟದವರೆಗೆ?" ಚೆನ್ನಾಗಿತ್ತಾ ಎಂದು ಕೇಳುವುದಿಲ್ಲ. ಹದಿನೈದು ವರ್ಷದವರನ್ನು ಹಾಗೆ ಕೇಳಿದರೆ "ಚೆನ್ನಾಗಿತ್ತು ಮೇಡಂ" ಎಂದು ಹಲ್ಲು ಕಿರಿದು ಜಾಗ ಖಾಲಿ ಮಾಡುತ್ತಾರೆ.

ಇಪ್ಪತ್ತಾರು ವರ್ಷ ಈ ಚುಕ್ಕೆಗಳನ್ನು ನೋಡಿ ನೋಡಿ ಹದಿಹರೆಯದವರ ಕಾದಂಬರಿಗಳ ಬಗ್ಗೆ ನನಗೆ ಕೆಲವು ಗಟ್ಟಿ ಅಭಿಪ್ರಾಯಗಳು ಬಂದಿವೆ. ಬುದ್ಧಿವಾದ ಶುರುವಾಗುವ ಪುಟದಲ್ಲಿ ಚುಕ್ಕೆಗಳ ಸಂತೆಯೇ ನೆರೆದಿರುತ್ತದೆ. ಒಬ್ಬ ತಾತ ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು "ನೋಡು ಮಗು" ಎಂದನೋ, ಮಕ್ಕಳು ಗಂಟುಮೂಟೆ ಕಟ್ಟುತ್ತಾರೆ. ಅಪ್ಪ ಅಮ್ಮನನ್ನು ಮೂರನೇ ಪುಟದಲ್ಲೇ ಸಾಯಿಸುವ ಲೇಖಕರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಕ್ಕಳು ಸಾಹಸಕ್ಕೆ ಹೊರಡಬೇಕೆಂದರೆ ದೊಡ್ಡವರನ್ನು ಕೊಲ್ಲಲೇಬೇಕೇ, ಒಂದು ವಾರ ಪ್ರವಾಸಕ್ಕೆ ಕಳಿಸಿದರೆ ಸಾಲದೇ? ಕೊನೆಯ ಅಧ್ಯಾಯದಲ್ಲಿ ಕಾಯಿಲೆಯ ಹುಡುಗಿಯನ್ನು ಸಾಯಿಸುವ ಕಾದಂಬರಿಗಳೂ ನನಗೆ ಸೇರುವುದಿಲ್ಲ. ಅಳಿಸುವುದಕ್ಕೆ ಈರುಳ್ಳಿ ಸಾಕು, ಇನ್ನೂರು ಪುಟ ಬೇಕಾಗಿಲ್ಲ. ಆದರೆ ಆ ಪುಸ್ತಕಗಳಲ್ಲಿ ಚುಕ್ಕೆಗಳೆಲ್ಲ ಕೊನೆಯ ಪುಟದಲ್ಲೇ ಇರುತ್ತವೆ, ಅದನ್ನೂ ಒಪ್ಪಿಕೊಳ್ಳಬೇಕು.

ಪ್ರತಿ ಗುರುವಾರ ಬೆಳಗ್ಗೆ ಇಡೀ ಶಾಲೆ ಅಂಗಳದಲ್ಲಿ ಸಾಲಾಗಿ ನಿಂತಾಗ ಐದು ನಿಮಿಷ ನನಗೆ ಬಿಟ್ಟಿರುತ್ತಾರೆ. ವೇದಿಕೆ ಹತ್ತಿ ಒಂದು ಕಾದಂಬರಿಯ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಮಕ್ಕಳು ನನ್ನನ್ನು ಬೆನ್ನ ಹಿಂದೆ "ಚುಕ್ಕಿ ಮೇಡಂ" ಎನ್ನುತ್ತಾರೆ. ನಾನು ಗೊತ್ತಿಲ್ಲದವಳ ಹಾಗೆ ಇದ್ದೇನೆ. ನಿಜ ಹೇಳಬೇಕೆಂದರೆ ವಾರದಲ್ಲಿ ನಾನು ಒಂದೇ ಸಮನೆ ಐದು ನಿಮಿಷ ಮಾತಾಡುವುದು ಅಲ್ಲಿ ಮಾತ್ರ. ಮನೆಯಲ್ಲಿ ರೇಡಿಯೋ ಇದೆ. ಅದು ಹೇಳುತ್ತದೆ, ಕೇಳುವುದಿಲ್ಲ.

ಮನೆ ಎಂದರೆ ಎರಡು ಕೋಣೆ. ಒಂದರಲ್ಲಿ ನಾನು ಮಲಗುತ್ತೇನೆ. ಇನ್ನೊಂದರಲ್ಲಿ ಒಂದು ಸಣ್ಣ ಮಂಚವಿದೆ, ಅದರ ತುಂಬ ಬೆನ್ನು ಕಿತ್ತುಹೋದ ಪುಸ್ತಕಗಳು. ಶಾಲೆಯಲ್ಲಿ ರಿಪೇರಿಗೆ ಪುರುಸೊತ್ತಾಗದೆ ಮನೆಗೆ ತಂದು ಅಂಟು ಹಚ್ಚುತ್ತೇನೆ ಎಂದು ಎಲ್ಲರಿಗೂ ಹೇಳುತ್ತೇನೆ. ಅಸಲಿಗೆ ಆ ಮಂಚ ಖಾಲಿ ಇರುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಅದು ನನ್ನ ಅಣ್ಣನ ಮಗಳ ಮಂಚ. ಅತ್ತಿಗೆ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಅಣ್ಣನ ಕೆಲಸ ಊರೂರು ಅಲೆಯುವಂಥದ್ದು, ಹಾಗಾಗಿ ಮಗಳನ್ನು ನನ್ನ ಹತ್ತಿರ ಬಿಟ್ಟ. ಕೂತರೆ ಗೋಡೆಗೆ ಹೊಡೆದ ಮೊಳೆಯಂತೆ ಕೂತುಬಿಡುತ್ತಿದ್ದಳು, ಪುಸ್ತಕ ಮುಗಿಯುವವರೆಗೆ ಅಲ್ಲಾಡುತ್ತಿರಲಿಲ್ಲ. ಅದಕ್ಕೇ ಅವಳನ್ನು ಮೊಳೆ ಎಂದು ಕರೆಯುತ್ತಿದ್ದೆ. ಅವಳು ಓದುತ್ತಿದ್ದುದೂ ನಮ್ಮ ಶಾಲೆಯಲ್ಲೇ. ಶಾಲೆಯ ಗೇಟಿನೊಳಗೆ ನಾನು ಅತ್ತೆ ಅಲ್ಲ, ಮೇಡಂ ಎಂದು ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದೆ. ಸಂಜೆ ಗೇಟು ದಾಟಿದ ಮರುಕ್ಷಣ ಅವಳು "ಅತ್ತೆ, ಅತ್ತೆ, ಅತ್ತೆ" ಎಂದು ದಿನದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುತ್ತಿದ್ದಳು.

ಹೋದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದಾಗ ಬಾಗಿಲ ಬಳಿ ಒಂದು ಪಾರ್ಸೆಲ್ ಇತ್ತು. ಕಳಿಸಿದವರ ಜಾಗದಲ್ಲಿ ಮೊಳೆಯ ಅಕ್ಷರ, ಅದರ ಕೆಳಗೆ ಒಂದು ಫೋನ್ ನಂಬರ್. ಇಲ್ಲಿಂದ ಹೋದ ಹನ್ನೊಂದು ವರ್ಷದಲ್ಲಿ ಅವಳು ನನಗೆ ಒಂದು ಸಾಲು ಬರೆದವಳಲ್ಲ. ಅಣ್ಣ ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿ "ಚೆನ್ನಾಗಿದಾಳೆ", "ಕೆಲಸಕ್ಕೆ ಸೇರಿದ್ಲು" ಎಂದಷ್ಟೇ ಹೇಳುತ್ತಿದ್ದ. ಚಪ್ಪಲಿ ಕೂಡ ಬಿಡದೆ ಕೂತು ಬಿಚ್ಚಿದೆ. ಒಳಗೆ ನಮ್ಮ ಗ್ರಂಥಾಲಯದ ನೀಲಿ ರಟ್ಟಿನ ಒಂದು ಕಾದಂಬರಿ. ಪುಸ್ತಕ ಜಾಡಿಸಿದೆ, ಕವರ್ ಒಳಗೆ ಕೈ ಹಾಕಿ ತಡಕಿದೆ. ಕಾಗದ ಇರಲಿಲ್ಲ.

ಆ ಪುಸ್ತಕ ನನಗೆ ಮರೆತಿರಲಿಲ್ಲ. ಮರೆಯುವಂಥ ಪುಸ್ತಕವೂ ಅಲ್ಲ.

ಮೊಳೆಗೆ ಹದಿನೈದು ತುಂಬಿದ ವರ್ಷ ಅಣ್ಣ ಮತ್ತೆ ಮದುವೆಯಾಗಿ ಒಂದು ಕಡೆ ನೆಲೆ ನಿಂತ. "ಇನ್ನು ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಅವಳನ್ನೂ ಒಂದು ಮಾತು ಕೇಳು" ಎಂದು ಕಾಗದ ಬರೆದ. ನಾನು ಕೇಳಲಿಲ್ಲ. ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟು, ಅವಳ ಮುಖವನ್ನು ಕದ್ದು ಕದ್ದು ನೋಡುತ್ತ ಎರಡು ವಾರ ಕಳೆದೆ. ಒಂದು ಮಧ್ಯಾಹ್ನ ಅವಳಿಲ್ಲದಾಗ ಹಾಸಿಗೆ ಸರಿ ಮಾಡಲು ಹೋದರೆ ದಿಂಬಿನ ಕೆಳಗೆ ಈ ನೀಲಿ ಪುಸ್ತಕ ಸಿಕ್ಕಿತು. ಅಲ್ಲೇ ಮಂಚದ ಮೇಲೆ ಕೂತು ಓದಿದೆ. ಅತ್ತೆಯ ಮನೆಯಲ್ಲಿ ಬೆಳೆದ ಒಬ್ಬ ಹುಡುಗಿಯ ಕಥೆ. ಒಂದು ದಿನ ಅವಳು ಬಟ್ಟೆ ಬರೆ ಚೀಲಕ್ಕೆ ತುಂಬಿ, ಅತ್ತೆಗೆ ಒಂದು ಮಾತೂ ಹೇಳದೆ ಅಪ್ಪನ ಊರಿಗೆ ಹೊರಡುತ್ತಾಳೆ. ಇವಳು ಇದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳಲ್ಲ!

ಆ ಗುರುವಾರ ವೇದಿಕೆ ಹತ್ತಿ ಇದೇ ಕಾದಂಬರಿಯ ಮಾತೆತ್ತಿದೆ. "ಇದರ ನಾಯಕಿ ಉಪಕಾರ ಗೊತ್ತಿಲ್ಲದವಳು. ಸಾಕಿದವರ ಕಡೆ ಒಮ್ಮೆ ತಿರುಗಿಯೂ ನೋಡದೆ ಹೋಗ್ತಾಳೆ. ಇಂಥವಳನ್ನು ಇಷ್ಟಪಡೋ ಮಕ್ಕಳಿಗೂ ಅವಳಿಗೂ ವ್ಯತ್ಯಾಸ ಇಲ್ಲ" ಎಂದೆ. ಆರು ನೂರು ಮಕ್ಕಳ ಎದುರು ಹೇಳಿದ ಮಾತು, ಮೂರನೇ ಸಾಲಿನ ಕೊನೆಯಲ್ಲಿ ನಿಂತಿದ್ದ ಒಬ್ಬಳಿಗಾಗಿ. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

ಅಂದು ಸಂಜೆ ಗೇಟು ದಾಟಿದ ಮೇಲೂ ಅವಳು ಬಾಯಿ ಬಿಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ತಟ್ಟೆ ಇಟ್ಟು, "ಮೇಡಂ, ಊಟಕ್ಕೆ ಬಡಿಸ್ಲಾ?" ಎಂದಳು. ಅಲ್ಲಿಂದ ಮುಂದೆ ಮನೆಯಲ್ಲೂ ನಾನು ಮೇಡಂ ಆದೆ. ಹದಿನೇಳು ದಿನ. ನಾನೂ ಹಠಮಾರಿಯೇ, "ಹಾಗೆ ಕರೀಬೇಡ" ಎಂದು ಬಾಯಿಬಿಟ್ಟು ಹೇಳಲಿಲ್ಲ. ಹದಿನೆಂಟನೇ ದಿನ, ನನ್ನ ಉತ್ತರ ಕಾದು ಸಾಕಾಗಿ, ಅಣ್ಣನೇ ಬಂದು ಬೀದಿಯಲ್ಲಿ ಗಾಡಿ ನಿಲ್ಲಿಸಿದ. ಪುಸ್ತಕವೂ ಅವಳ ಚೀಲದಲ್ಲೇ ಹೋಯಿತು. ರಿಜಿಸ್ಟರಿನಲ್ಲಿ "ಕಳೆದಿದೆ" ಎಂದು ಬರೆದು ಕೈ ತೊಳೆದುಕೊಂಡೆ.

ಈಗ ಅದು ನನ್ನ ತೊಡೆಯ ಮೇಲಿತ್ತು. ಕಾಗದ ಇಲ್ಲದಿದ್ದರೇನು, ಚುಕ್ಕೆ ಇರುತ್ತದಲ್ಲ ಎಂದುಕೊಂಡೆ. ಅವಳು ಎಲ್ಲಿ ನಿಲ್ಲಿಸಿದ್ದಳೋ ಆ ಪುಟವೇ ನನಗೆ ಬಂದ ಕಾಗದ. ಕೊನೆಯ ಪುಟ ತೆಗೆದೆ. ಇನ್ನೂರ ಆರನೇ ಪುಟದಲ್ಲಿ ಒಂದು ಕಪ್ಪು ಚುಕ್ಕೆ. ಮುಗಿಸಿದ್ದಾಳೆ. ಮೊಳೆ ಮುಗಿಸದೆ ಏಳುವವಳೇ ಅಲ್ಲ. ಆದರೂ ಅಭ್ಯಾಸ ಬಲದಿಂದ ಹಿಂದಕ್ಕೆ ಒಂದೊಂದೇ ಪುಟ ಮಗುಚುತ್ತ ಬಂದೆ. ನೂರ ಹನ್ನೆರಡನೇ ಪುಟದ ಅಂಚಿನಲ್ಲಿ ಇನ್ನೊಂದು ಚುಕ್ಕೆ ಇತ್ತು. ಅದು ಕೆಂಪು.

ನಮ್ಮ ಶಾಲೆಯಲ್ಲಿ ಕೆಂಪು ಪೆನ್ಸಿಲ್ ಬಳಸುವವಳು ನಾನೊಬ್ಬಳೇ.

ಅಂದು ಮಂಚದ ಮೇಲೆ ಕೂತು ಓದಿದ್ದು ಅಷ್ಟೇ. ಸಿಟ್ಟಿನಲ್ಲಿ ನಿಲ್ಲಿಸಿದ್ದೆ. ನಿಲ್ಲಿಸಿದ ಕಡೆ ಕೈ ತಾನಾಗಿ ಚುಕ್ಕೆ ಇಟ್ಟಿತ್ತು. ಪುಸ್ತಕವನ್ನು ದಿಂಬಿನ ಕೆಳಗೆ ತುರುಕಿ ಎದ್ದಿದ್ದೆ. ಆಮೇಲೆ ವೇದಿಕೆಯ ಮೇಲೆ ಎಷ್ಟು ಜೋರಾಗಿ ಮಾತಾಡಿದ್ದೆನೆಂದರೆ, ಪೂರ್ತಿ ಓದಿದ್ದೇನೆ ಎಂದು ನಾನೇ ನಂಬಿಬಿಟ್ಟಿದ್ದೆ. ಮೊಳೆ ನಂಬಿರಲಿಲ್ಲ. ಅವಳು ಕೆಂಪು ಚುಕ್ಕೆ ನೋಡಿದ್ದಳು. ನಾನು ದಿಂಬಿನ ಕೆಳಗೆ ಕೈ ಹಾಕಿದ್ದೂ, ಅರ್ಧಕ್ಕೆ ಬಿಟ್ಟಿದ್ದೂ, ಓದದೆ ತೀರ್ಪು ಕೊಟ್ಟಿದ್ದೂ ಆ ಮೂರನೇ ಸಾಲಿನಲ್ಲಿ ನಿಂತಿದ್ದವಳಿಗೆ ಗೊತ್ತಿತ್ತು.

ನೂರ ಹದಿಮೂರನೇ ಪುಟ ಓದತೊಡಗಿದೆ.

ಹುಡುಗಿ ಹೋಗಿರಲಿಲ್ಲ. ಚೀಲವನ್ನು ಹೊಸ್ತಿಲಲ್ಲಿ ಇಟ್ಟು ತಿರುಗಿ ನಿಂತಿದ್ದಳು. ಒಳಗೆ ಅತ್ತೆ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಳೆ. ದಾರ ಮುಗಿಯುವುದರೊಳಗೆ "ಇರು" ಎಂದರೆ ಇದ್ದುಬಿಡುತ್ತೇನೆ ಎಂದು ಹುಡುಗಿ ಮನಸ್ಸಿನಲ್ಲೇ ಅಂದುಕೊಳ್ಳುತ್ತಾಳೆ. ಅತ್ತೆ ಗುಂಡಿ ಹೊಲಿದು, ಗಂಟು ಹಾಕಿ, ಹಲ್ಲಿನಿಂದ ದಾರ ಕಡಿಯುತ್ತಾಳೆ. ತಲೆ ಎತ್ತುವುದಿಲ್ಲ. ಆ ಪುಟದ ಕೊನೆಯ ಸಾಲು: "ಹೋಗು ಎಂದು ಅವಳು ಹೇಳಲಿಲ್ಲ. ಇರು ಎನ್ನಲಿಲ್ಲ, ಅಷ್ಟೇ."

ನನಗೆ ಓದಲಾಗಲಿಲ್ಲ. ಪುಸ್ತಕ ಮಡಚಿ ಬಾಗಿಲ ಕಡೆ ನೋಡಿದೆ. ಅಣ್ಣ ಬಂದ ದಿನ ನಾನು ಈ ಮೇಜಿನ ಮುಂದೆಯೇ ಕೂತು ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದೆ. ಮೊಳೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಎಲ್ಲ ತಗೊಂಡ್ಯಾ?" ಎಂದೆ, ತಲೆ ಎತ್ತದೆ. "ತಗೊಂಡೆ ಮೇಡಂ" ಎಂದಳು. ಆಮೇಲೂ ಅವಳು ನಿಂತೇ ಇದ್ದಳು. ಅಣ್ಣ ಎರಡು ಸಲ ಹಾರ್ನ್ ಮಾಡಿದ. ನಾನು ಅಂಟಿನ ಮೇಲೆ ಬಟ್ಟೆಪಟ್ಟಿ ಒತ್ತಿ ಹಿಡಿದಿದ್ದೆ. ಬಿಟ್ಟರೆ ಎದ್ದು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಮೆಟ್ಟಿಲಿನ ಮೇಲೆ ಚಪ್ಪಲಿಯ ಸದ್ದಾಯಿತು.

ಕಥೆಯನ್ನು ಮೊದಲೇ ಓದಿದ್ದವಳು ಬಾಗಿಲಲ್ಲಿ ನಿಂತು, ಆಮೇಲಾದರೂ ನಾನು ಮುಂದೆ ಓದಿರಬಹುದು ಎಂದು ಕಾದಿದ್ದಳು. ಆಗ ನನಗೆ ಅಳು ಬಂತು. ಚೆನ್ನಾಗಿ ಅತ್ತುಬಿಟ್ಟೆ. ಯಾರೂ ನೋಡುವವರಿಲ್ಲದ ಮನೆಯಲ್ಲಿ ಅಳುವುದಕ್ಕೆ ಅಡ್ಡಿ ಏನೂ ಇಲ್ಲ, ಮುಖ ಮುಚ್ಚಿಕೊಳ್ಳುವ ತಾಪತ್ರಯವೂ ಇಲ್ಲ. ಆಮೇಲೆ ಕಣ್ಣೊರೆಸಿಕೊಂಡು ಇನ್ನೂರ ಆರನೇ ಪುಟದವರೆಗೂ ಓದಿದೆ. ಅಷ್ಟೇನೂ ದೊಡ್ಡ ಕಾದಂಬರಿ ಅಲ್ಲ ಅದು. ನಡುವೆ ಒಬ್ಬ ತಾತ ಬಂದು ನಾಲ್ಕು ಪುಟ ತಲೆ ತಿನ್ನುತ್ತಾನೆ. ಆದರೂ ಓದಿದೆ.

ಫೋನ್ ನಂಬರನ್ನು ಐದು ದಿನ ಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ. ಮೊದಲು ಹೇಳಬೇಕಾದ ಜಾಗದಲ್ಲಿ ಹೇಳದೆ ಅವಳಿಗೆ ಫೋನ್ ಮಾಡಲು ಮುಖವಿರಲಿಲ್ಲ. ಗುರುವಾರ ನೀಲಿ ಪುಸ್ತಕ ಹಿಡಿದು ವೇದಿಕೆ ಹತ್ತಿದೆ. "ಹನ್ನೊಂದು ವರ್ಷದ ಹಿಂದೆ ಇಲ್ಲೇ ನಿಂತು ಈ ಪುಸ್ತಕ ಕೆಟ್ಟದ್ದು ಅಂತ ಹೇಳಿದ್ದೆ. ಆಗ ನಾನು ಓದಿದ್ದು ನೂರ ಹನ್ನೆರಡು ಪುಟ ಮಾತ್ರ. ಮುಗಿಸಿರಲಿಲ್ಲ. ಈ ಹುಡುಗಿ ಉಪಕಾರ ಗೊತ್ತಿಲ್ಲದವಳಲ್ಲ. ನಾನು ಹೇಳಿದ್ದು ಸುಳ್ಳು" ಎಂದೆ. ಅಂದು ಕೇಳಿದ ಮಕ್ಕಳಲ್ಲಿ ಒಬ್ಬರೂ ಈಗ ಅಲ್ಲಿರಲಿಲ್ಲ. ಮುಂದಿನ ಸಾಲಿನ ಹುಡುಗಿ ಆಕಳಿಸಿದಳು. ಹಿಂದಿನಿಂದ ಯಾರೋ "ಚುಕ್ಕಿ ಮೇಡಂ ಸಿಕ್ಕಿಹಾಕ್ಕೊಂಡ್ರು" ಎಂದ, ಒಂದಷ್ಟು ನಗು. ಕೆಳಗೆ ಇಳಿದಾಗ ಹೆಡ್‌ಮಾಸ್ಟರು ಹತ್ತಿರ ಬಂದು, "ಇದೆಲ್ಲ ಮಕ್ಕಳ ಮುಂದೆ ಬೇಕಿತ್ತಾ ಮೇಡಂ?" ಎಂದರು.

"ಬೇಕಿತ್ತು ಸಾರ್," ಎಂದೆ. "ಹೇಳಿದ್ದೂ ಮಕ್ಕಳ ಮುಂದೇನೇ ಅಲ್ವಾ."

ಸಂಜೆ ಮನೆಗೆ ಬಂದು ರೇಡಿಯೋ ಆರಿಸಿ ಫೋನ್ ಮಾಡಿದೆ. ನಾಲ್ಕನೇ ರಿಂಗಿಗೆ ಎತ್ತಿದಳು. ದನಿ ದಪ್ಪಗಾಗಿತ್ತು. ದಾರಿಯಲ್ಲಿ ಕೇಳಿದ್ದರೆ ನನಗೆ ಗುರುತು ಸಿಗುತ್ತಿರಲಿಲ್ಲ.

"ನಾನು," ಎಂದೆ. ನಾನು ಯಾರು ಎನ್ನಲು ಅತ್ತೆ ಎನ್ನಬೇಕೋ ಮೇಡಂ ಎನ್ನಬೇಕೋ ತಿಳಿಯಲಿಲ್ಲ. "ಪುಸ್ತಕ ಬಂತು."

"ಹ್ಞಾಂ. ಮನೆ ಬದಲಾಯಿಸ್ತಿದ್ದೆ, ಸಿಕ್ತು. ಶಾಲೇದಲ್ವಾ, ಕಳಿಸ್ದೆ."

ಅವಳ ಹಿಂದೆ ಎಲ್ಲೋ ಪಾತ್ರೆ ಸದ್ದಾಗುತ್ತಿತ್ತು. ಇನ್ನು ಇಟ್ಟುಬಿಡುತ್ತಾಳೆ ಎನ್ನಿಸಿ ಅವಸರದಲ್ಲಿ, "ಓದಿದೆ" ಎಂದೆ.

"ಎಷ್ಟನೇ ಪುಟದವರೆಗೆ?"

ಇಪ್ಪತ್ತಾರು ವರ್ಷ ಸಾವಿರಾರು ಮಕ್ಕಳನ್ನು ಕೇಳಿದ ಪ್ರಶ್ನೆ. ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಇನ್ನೂರ ಆರು. ಕೊನೇವರೆಗೂ," ಎಂದೆ. "ಹೋದ ಶನಿವಾರ. ಅಲ್ಲೀವರೆಗೂ ಓದಿರ್ಲಿಲ್ಲ ಕಣೇ."

"ಗೊತ್ತು."

"ಬಾಗಿಲಲ್ಲಿ ನೀನು ನಿಂತಿದ್ದೆ. ನಾನು ಅಂಟು ಹಿಡ್ಕೊಂಡು ಕೂತಿದ್ದೆ. ನಿಂತಿದ್ದೀಯ ಅಂತ ಗೊತ್ತಿತ್ತು ನಂಗೆ."

ಪಾತ್ರೆ ಸದ್ದು ನಿಂತಿತು. "ಪುಸ್ತಕ ಹೇಗಿದೆ?" ಎಂದಳು. "ಏನು ನಿಮ್ಮ ಅಭಿಪ್ರಾಯ?"

ಅಭಿಪ್ರಾಯವಿಲ್ಲದ ಪುಸ್ತಕವೇ ನನಗಿಲ್ಲ. ತಾತನ ನಾಲ್ಕು ಪುಟದ ಬಗ್ಗೆಯೇ ಅರ್ಧ ಗಂಟೆ ಮಾತಾಡಬಲ್ಲೆ. ಆದರೆ ಅಂದು ಬಾಯಿಗೆ ಬಂದದ್ದು ಒಂದೇ ಮಾತು, ಹನ್ನೊಂದು ವರ್ಷ ತಡವಾಗಿ.

"ಬಾ," ಎಂದೆ. "ಬಂದು ಇರು ಮೊಳೆ. ಎರಡು ದಿನನಾದ್ರೂ ಇರು."

ನಾನು ಒಳಗಿನ ಕೋಣೆಗೆ ಹೋಗಿ, ಫೋನನ್ನು ಕಿವಿಗೆ ಒತ್ತಿಕೊಂಡೇ, ಮಂಚದ ಮೇಲಿನ ಪುಸ್ತಕಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸತೊಡಗಿದೆ. ಆರನೆಯದೋ ಏಳನೆಯದೋ ಪುಸ್ತಕ ಕೈಯಲ್ಲಿದ್ದಾಗ ಅವಳ ದನಿ ಕೇಳಿಸಿತು.

"ನೋಡ್ತೀನಿ," ಎಂದಳು. "ನೋಡ್ತೀನಿ, ಅತ್ತೆ."