ಪಾರ್ಕಿನ ನೀಲಗಿರಿ ಎಲೆ

೨೦೨೦ರ ಜೂನ್. ಆಗ ಯಾರಾದರೂ ಒಂದು ಸಲ ಸೀನಿದರೆ ಸಾಕು, ನಮ್ಮವರ ಮನೆಗಳಲ್ಲಿ ಆವಿ ಹಿಡಿಯಲು ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲೂ ಅಷ್ಟೇ. ಚರಣ್‌ಗೆ ನೆಗಡಿಯಾಯಿತು. ಟೆಸ್ಟ್ ನೆಗೆಟಿವ್ ಬಂದರೂ ತಾಯಿ ನಾಗಮಣಿಯವರಿಗೆ ಸಮಾಧಾನವಿಲ್ಲ. ಮೊಮ್ಮಗಳ ನಾಮಕರಣಕ್ಕೆಂದು ಮೈಸೂರಿನಿಂದ ಬಂದು, ವಿಮಾನ ನಿಂತು ಸಿಕ್ಕಿಕೊಂಡವರು ಅವರು. ಪಾರ್ಕಿಗೆ ಹೋಗಿ ಒಂದು ಚೀಲ ನೀಲಗಿರಿ ಎಲೆ ಕಿತ್ತು ತಂದರು.

ಸೊಸೆ ಭಾವನಾ ಆ ಪಾರ್ಕಿನ ಗಿಡಗಳಿಗೆ ನೀರು ಹಾಕುವ ಸ್ವಯಂಸೇವಕಿ. ಚೀಲ ಕಂಡವಳೇ ಅದನ್ನು ಬಿಚ್ಚಿ ನೋಡಿದಳು.

"ಅತ್ತೆ, ಇದು ಆ ಬಣ್ಣದ ಕಂಬಗಳ ಹತ್ತಿರದ್ದಾ?"

"ಹೂಂ ಕಣೇ. ಪಾರ್ಕು ಅಂದ್ಮೇಲೆ ಎಲ್ಲರದ್ದೂ ತಾನೇ? ಆವಿಗೆ ನಾಲ್ಕು ಎಲೆ ಕಿತ್ರೆ ಯಾರ ಗಂಟು ಹೋಗತ್ತೆ?"

"ನಾಲ್ಕಾ? ಗಿಡಾನೇ ಬೋಳಿಸಿದ್ದೀರಲ್ಲ! ಬೋರ್ಡ್ ಇತ್ತಲ್ಲ ಅಲ್ಲಿ?"

"ಡಚ್ಚಲ್ಲಿತ್ತು. ನಂಗೇನ್ ಗೊತ್ತು?"

"ಆ ಕಂಬ ಕೆತ್ತಿದ ಕಲಾವಿದೆ ಆಸ್ಟ್ರೇಲಿಯಾದ ಮೂಲನಿವಾಸಿ, ಇಲ್ಲೇ ಟಿಲ್‌ಬರ್ಗ್ ಅನ್ನೋ ಊರಲ್ಲಿದ್ದಾರೆ. ಕಂಬದ ಮೇಲಿರೋದು ಅವರ ಜನರ ಆಚರಣೆ. ಗಿಡಾನೂ ಅವರ ನೆಲದ್ದೇ. ಅವರಲ್ಲಿ ಯಾರಾದ್ರೂ ಹೋದ್ರೆ ಈ ಎಲೆ ಸುಟ್ಟು ಹೊಗೆ ಹಾಕ್ತಾರೆ. ಹೋದ ತಿಂಗಳು ಅವರಣ್ಣ ತೀರ್ಕೊಂಡ್ರು. ಫ್ಲೈಟ್ ಇಲ್ಲ. ನಾಳೆ ಇಲ್ಲೇ ಹೊಗೆ ಹಾಕ್ತಾರೆ, ಅತ್ತೆ. ಅದಕ್ಕೆ ಇಟ್ಟಿದ್ದ ಗಿಡ ಅದು."

ಏಪ್ರಿಲ್‌ನಲ್ಲಿ ನಾಗಮಣಿಯವರ ಅಕ್ಕ ರಾಜಮ್ಮ ತೀರಿಹೋಗಿದ್ದರು. ಹದಿಮೂರನೆಯ ದಿನದ ಕಾರ್ಯವನ್ನು ಇವರು ಫೋನಿನಲ್ಲಿ ನೋಡಿದ್ದರು, ನಡುವೆ ನೆಟ್ ಬೇರೆ ಹೋಗಿತ್ತು.

"ಅಯ್ಯೋ ಶಿವನೇ, ಎಂಥ ಕೆಲಸ ಮಾಡ್ಬಿಟ್ಟೆ," ಎಂದು ಎಲೆ ಹಾಕಲು ಕಾಯಿಸುತ್ತಿದ್ದ ನೀರಿನ ಒಲೆ ಆರಿಸಿದರು.

ಮರುದಿನ ಪಾರ್ಕಿನಲ್ಲಿ, ಕಲಾವಿದೆಯಿಂದ ನಿಯಮದಂತೆ ಒಂದೂವರೆ ಮೀಟರ್ ದೂರದಲ್ಲಿ ಚೀಲ ಇಟ್ಟು ಕೈಮುಗಿದರು. ಭಾವನಾ ದುಭಾಷಿಯಾಗಿ ಎಲ್ಲ ಹೇಳಿದಳು, ರಾಜಮ್ಮನ ವಿಷಯವನ್ನೂ. ಕಲಾವಿದೆಗೆ ಸಿಟ್ಟು ಬಂತು. ಮುಚ್ಚಿಡಲಿಲ್ಲ.

"ಕೇಳಬೇಕಿತ್ತು ನೀವು," ಎಂದರು. ಚೀಲದ ಎಲೆಗಳನ್ನು ಕೈಗೆತ್ತಿಕೊಂಡರು. ಆಮೇಲೆ ಬೆಂಕಿಗೆ ಹಾಕುತ್ತಾ, "ಹೋಗಬೇಡಿ. ನಿಮ್ಮ ಅಕ್ಕನಿಗಾಗಿಯೂ ನಿಲ್ಲಿ," ಎಂದರು.

ಹೊಗೆ ಇತ್ತ ತಿರುಗಿತು. ಅಕ್ಕ ತೀರಿಕೊಂಡಾಗ ನಾಗಮಣಿ ಅತ್ತಿರಲಿಲ್ಲ. ಆವತ್ತು ಅತ್ತರು.

ಚರಣ್‌ನ ನೆಗಡಿ ತಾನಾಗಿಯೇ ಹೋಯಿತು. ಬೋಳು ಗಿಡಕ್ಕೆ ನಾಗಮಣಿ ದಿನಾ ಚೊಂಬಿನಲ್ಲಿ ನೀರು ಹಾಕುತ್ತಿದ್ದರು. ಯಾರಾದರೂ ಅದರ ಹೊಸ ಚಿಗುರು ಮುಟ್ಟಿದರೆ "ಏಯ್, ಕೈ ತೆಗೀರಿ!" ಎಂದು ಕನ್ನಡದಲ್ಲೇ ಕೂಗುತ್ತಿದ್ದರು. ಡಚ್ಚರಿಗೂ ಅರ್ಥವಾಗುತ್ತಿತ್ತು.

ನೀವೂ ಪಾರ್ಕಿಗೆ ಹೋಗುತ್ತೀರಿ. ಕಲಾಕೃತಿಯ ಪಕ್ಕದ ಗಿಡವೂ ಆ ಕಲಾಕೃತಿಯದೇ. ಬೋರ್ಡು ಓದಿ. ಓದಲು ಬಾರದಿದ್ದರೆ ಪಕ್ಕದವರನ್ನು ಕೇಳಿ. ಅಲ್ಲಿಯವರೆಗೆ ಕೈ ಜೇಬಿನಲ್ಲಿರಲಿ. ಆ ಎಲೆಗಾಗಿ ಯಾರೋ ಕಾಯುತ್ತಿರಬಹುದು.